ಜೇಡ ಓಡಿಸಲು ಸುಗಂಧ ಎಣ್ಣೆ: ಮುಂಬೈ ಮನೆಗಳ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲಿ ಮೊದಲ ಮಳೆ ಬಿದ್ದ ವಾರ ನನ್ನ ಫೋನಿಗೆ ಎರಡು ಥರದ ಮೆಸೇಜ್ ಬರುತ್ತವೆ. ಒಂದು, ಲೋಕಲ್ ರೈಲು ನಿಂತಿದೆ. ಇನ್ನೊಂದು, ಮನೆ ತುಂಬ ಜೇಡ, ನೀವು ಏನೋ ಎಣ್ಣೆ ಹಾಕ್ತೀರಂತಲ್ಲ, ಯಾವುದು? ಲೋಕಲ್ ವಿಷಯದಲ್ಲಿ ನಾನು ಏನೂ ಮಾಡಲಾರೆ. ಎಣ್ಣೆಯ ವಿಷಯ ಮಾತ್ರ ಆರು ಮಳೆಗಾಲದಿಂದ ಮಾಡಿ ನೋಡಿದ್ದೇನೆ. ಒಂದಷ್ಟು ದುಡ್ಡು ದಂಡವಾಗಿದೆ, ಒಂದಷ್ಟು ಬುದ್ಧಿ ಬಂದಿದೆ. ಮುಲುಂಡ್, ವಾಶಿ, ಮಾಟುಂಗಾದ ನಮ್ಮ ಕನ್ನಡದ ಗೆಳತಿಯರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಒಂದೇ ಕಡೆ ಬರೆದಿಟ್ಟರೆ ಪ್ರತಿ ಜೂನಿನಲ್ಲೂ ಅದನ್ನೇ ಟೈಪ್ ಮಾಡುವುದು ತಪ್ಪುತ್ತದೆ ಅಂತ ಇದು.

ಎಣ್ಣೆ ಹಾಕಿದರೆ ಜೇಡ ನಿಜವಾಗಿ ಓಡಿಹೋಗುತ್ತಾ?

ಕೆಲವು ಜೇಡ, ಕೆಲವು ಎಣ್ಣೆಗೆ, ಕೆಲವು ದಿನ ಮಾತ್ರ.

ಇದನ್ನು ವಿಜ್ಞಾನಿಗಳೂ ಪರೀಕ್ಷೆ ಮಾಡಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ಜಾತಿಯ ಜೇಡಗಳ ಮುಂದೆ ನಿಂಬೆ ಎಣ್ಣೆ, ಪೆಪ್ಪರ್‌ಮಿಂಟ್ (ಪುದೀನಾದ ಒಂದು ಜಾತಿ) ಎಣ್ಣೆ ಮತ್ತು ಚೆಸ್ಟ್‌ನಟ್ ಕಾಯಿ ಇಟ್ಟು ನೋಡಿದರು. ನಿಂಬೆ ಎಣ್ಣೆಗೆ ಯಾವ ಜೇಡವೂ ಕ್ಯಾರೇ ಅನ್ನಲಿಲ್ಲ. ಪೆಪ್ಪರ್‌ಮಿಂಟ್ ಇದ್ದ ಕಡೆ ಹೋಗಲು ಎರಡು ಜಾತಿಗಳು ಚೆನ್ನಾಗಿಯೇ ಹಿಂಜರಿದವು. ಅದರಲ್ಲಿ ಒಂದು ಕಂದು ವಿಡೋ ಜೇಡ. ಅದು ನಮ್ಮ ದೇಶದಲ್ಲೂ ಇದೆ.

ಆದರೆ ಒಂದು ಮಾತು ಗಮನಿಸಿ. ಆ ಪರೀಕ್ಷೆಯಲ್ಲಿ ಜೇಡಕ್ಕೆ ಆಯ್ಕೆ ಇತ್ತು. ಈ ಕಡೆ ವಾಸನೆ, ಆ ಕಡೆ ವಾಸನೆ ಇಲ್ಲ. ಅದು ಆ ಕಡೆ ಹೋಯಿತು. ನಮ್ಮ ಹತ್ತು ಬೈ ಹತ್ತರ ಕೋಣೆಯಲ್ಲಿ ‘ಆ ಕಡೆ’ ಅಂದರೆ ನನ್ನ ಮಂಚದ ಹಿಂದೆ. ಎಣ್ಣೆ ಜೇಡವನ್ನು ಜಾಗ ಬದಲಿಸುವಂತೆ ಮಾಡಬಹುದು. ಮನೆ ಬಿಟ್ಟು ಹೋಗು ಅಂತ ಹೇಳುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ನಿಂಬೆ ಎಣ್ಣೆ, ನಿಂಬೆ ಸಿಪ್ಪೆ ಬೇಡವೇ ಬೇಡವಾ?

ಬೇಡ. ಕಿಟಕಿಯಲ್ಲಿ ನಿಂಬೆ ಸಿಪ್ಪೆ ಇಟ್ಟರೆ ಮೂರನೇ ದಿನ ಅದರ ಮೇಲೆ ಸಣ್ಣ ನೊಣ ಏಳುತ್ತದೆ. ಅದು ಜೇಡಕ್ಕೆ ಊಟ. ಇನ್ನೊಂದು, ನಿಂಬೆ ಎಣ್ಣೆ ಕೈಗೆ ಹತ್ತಿ ಹಾಗೇ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕಪ್ಪಾಗಬಹುದು.

ಮೂರನೆಯ ಕಾರಣ ನನ್ನದೇ ಪೆದ್ದುತನ. ಅಟ್ಟದ ಮೇಲೆ ಗಣಪತಿಯ ಹಳೆಯ ಥರ್ಮಾಕೋಲ್ ಮಖರ, ಅಂದರೆ ಮಂಟಪ, ಇತ್ತು. 2018ರಲ್ಲಿ ಮಹಾರಾಷ್ಟ್ರದಲ್ಲಿ ಥರ್ಮಾಕೋಲ್ ಅಲಂಕಾರ ನಿಷೇಧವಾದ ಮೇಲೆ ಅದನ್ನು ಎಸೆಯಲು ಮನಸ್ಸು ಬಾರದೆ ಅಲ್ಲೇ ಇಟ್ಟಿದ್ದೆವು. ಅದರ ಹಿಂದೆ ಬಲೆ ಕಟ್ಟಿದೆ ಅಂತ ನಿಂಬೆ ಎಣ್ಣೆ ಸುರಿದೆ. ಮಾರನೇ ದಿನ ನೋಡಿದರೆ ಮಖರದ ಕಂಬದಲ್ಲಿ ತೂತು! ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್ ಥರ್ಮಾಕೋಲನ್ನು ಕರಗಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಮಖರ ಕರಗಿತು, ಜೇಡ ಅಲ್ಲೇ ಇತ್ತು.

ಚೆಸ್ಟ್‌ನಟ್ ಅಂದರೆ ಮಾರ್ಕೆಟ್ಟಿನಲ್ಲಿ ಸಿಗುವ ಶಿಂಗಾಡಾ ತಾನೆ?

ಅಲ್ಲ ಮಾರಾಯ್ರೆ. ಶಿಂಗಾಡಾ ಕೆರೆಯಲ್ಲಿ ಬೆಳೆಯುವ ಗಿಡದ ಕಾಯಿ. ಚೆಸ್ಟ್‌ನಟ್ ತಂಪು ದೇಶದ ಮರದ ಕಾಯಿ. ಎರಡಕ್ಕೂ ಸಂಬಂಧವಿಲ್ಲ. ಗೆಳತಿಯೊಬ್ಬಳು ಮೂಲೆ ಮೂಲೆಗೆ ಶಿಂಗಾಡಾ ಇಟ್ಟು ವಾರಕ್ಕೆಲ್ಲ ಬೂಷ್ಟು ಬರಿಸಿದಳು. ಉಪವಾಸದ ದಿನ ತಿನ್ನಿ, ಅದಕ್ಕೆ ಅದು ಒಳ್ಳೆಯದು.

ಜೇಡಕ್ಕೆ ಮೂಗೇ ಇಲ್ಲವಲ್ಲ, ವಾಸನೆ ಹೇಗೆ ಗೊತ್ತಾಗುತ್ತದೆ?

ಕಾಲಿನಿಂದ. ಜಿರಲೆಗೆ, ಇರುವೆಗೆ ಇರುವ ಮೀಸೆ ಜೇಡಕ್ಕಿಲ್ಲ. ಅದರ ಕಾಲುಗಳ ಮೇಲೆ, ಬಾಯಿಯ ಪಕ್ಕದ ಎರಡು ಪುಟ್ಟ ಅಂಗಗಳ ಮೇಲೆ ಇರುವ ಸೂಕ್ಷ್ಮ ಕೂದಲುಗಳೇ ಅದರ ಮೂಗು, ನಾಲಗೆ ಎರಡೂ. ಅದಕ್ಕೇ ಗಾಳಿಯಲ್ಲಿ ಸುಮ್ನೆ ಘಮ ಹರಡುವುದಕ್ಕಿಂತ ಅದು ಕಾಲಿಡುವ ಜಾಗಕ್ಕೇ ಎಣ್ಣೆ ಒರೆಸುವುದು ಮೇಲು. ಡಿಫ್ಯೂಸರ್ ಹಚ್ಚಿದರೆ ಸಾಕಾ ಅಂತ ಕೇಳುವವರಿಗೂ ಇದೇ ಉತ್ತರ. ಮನೆ ಸ್ಪಾ ಥರ ಇರುತ್ತದೆ, ಮೂಲೆಯ ಜೇಡ ಮೂಲೆಯಲ್ಲೇ ಇರುತ್ತದೆ.

ಯಾವ ಎಣ್ಣೆ ತರಬೇಕು? ಎಲ್ಲಿ ಸಿಗುತ್ತದೆ?

ಒಂದೇ ಬಾಟಲಿ ತರುವುದಾದರೆ ಪೆಪ್ಪರ್‌ಮಿಂಟ್. ಅಂಗಡಿಯಲ್ಲಿ ‘ಪುದೀನಾ ಎಣ್ಣೆ’ ಅಂತ ಕೊಡುವುದು ಎಷ್ಟೋ ಸಲ ಬೇರೆ ಜಾತಿಯದು. ಉತ್ತರ ಪ್ರದೇಶದ ಬಾರಾಬಂಕಿ ಕಡೆ ಹೊಲಗಟ್ಟಲೆ ಬೆಳೆಯುವ ಜಪಾನಿ ಪುದೀನಾದಿಂದ ತೆಗೆದದ್ದು. ಅದರಲ್ಲಿ ಮೆಂಥಾಲ್ ಇನ್ನೂ ಜಾಸ್ತಿ, ಬೆಲೆ ಕಡಿಮೆ. ನಾನು ಎರಡನ್ನೂ ಬಳಸಿದ್ದೇನೆ. ನನ್ನ ಮನೆಯ ಜೇಡಗಳು ವ್ಯತ್ಯಾಸ ತೋರಿಸಲಿಲ್ಲ.

ಮಜ್ಜಿಗೆ ಹುಲ್ಲಿನ ಎಣ್ಣೆ, ಅಂದರೆ ಇಲ್ಲಿಯವರು ಗವತಿ ಚಹಾ ಅನ್ನುತ್ತಾರಲ್ಲ, ಅದು, ಮತ್ತು ಸಿಟ್ರೊನೆಲ್ಲಾ ಎಣ್ಣೆ ಜೇಡಕ್ಕಿಂತ ಸೊಳ್ಳೆಗೆ ಉಪಯೋಗ. ಊಟಿಗೆ ಹೋದವರು ತಂದುಕೊಟ್ಟ ನೀಲಗಿರಿ ಎಣ್ಣೆ ಎಲ್ಲರ ಮನೆಯಲ್ಲೂ ಒಂದು ಬಾಟಲಿ ಇದ್ದೇ ಇರುತ್ತದೆ. ಹಾಕಿ ನೋಡಬಹುದು, ಆದರೆ ಅದಕ್ಕೇ ಅಂತ ದುಡ್ಡು ಕೊಟ್ಟು ತರಬೇಡಿ.

ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಅತ್ತರು, ಎಸೆನ್ಸ್ ಮಾರುವ ಅಂಗಡಿಗಳಿವೆ. ‘ಫ್ರೇಗ್ರೆನ್ಸ್ ಆಯಿಲ್’ ಅಂತ ಬರೆದದ್ದು ಬೇಡ, ಅದು ಬರೀ ಸೆಂಟು. ಲೇಬಲ್ ಮೇಲೆ ಗಿಡದ ಶಾಸ್ತ್ರೀಯ ಹೆಸರು ಇರಬೇಕು. ಮನೆಗೆ ತಂದ ಮೇಲೆ ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ. ಪುದೀನಾದಂಥ ತೆಳು ಎಣ್ಣೆ ಒಣಗಿದ ಮೇಲೆ ಹೆಚ್ಚುಕಡಿಮೆ ಕಲೆಯೇ ಉಳಿಯುವುದಿಲ್ಲ. ಬಜ್ಜಿ ಇಟ್ಟ ಪೇಪರಿನ ಥರ ಜಿಡ್ಡು ನಿಂತರೆ ಅಡುಗೆ ಎಣ್ಣೆ ಬೆರೆಸಿದ್ದಾರೆ ಅಂತ ಅನುಮಾನಿಸಬಹುದು.

ಅಳತೆ ಹೇಳಿ.

250 ಮಿಲಿ ನೀರು, 20 ತೊಟ್ಟು ಎಣ್ಣೆ, ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. 20 ತೊಟ್ಟು ಅಂದರೆ ಸುಮಾರು 1 ಮಿಲಿ. ಲಿಕ್ವಿಡ್ ಮರೆಯಬೇಡಿ. ಎಣ್ಣೆ ನೀರು ಸೇರುವುದಿಲ್ಲ ಅನ್ನುವುದು ಗಾದೆ ಥರ ನಮಗೆ ಗೊತ್ತು, ಸ್ಪ್ರೇ ಬಾಟಲಿ ಕೈಗೆ ಬಂದಾಗ ಮಾತ್ರ ಮರೆತುಹೋಗುತ್ತದೆ. ಸೋಪು ಇಲ್ಲದಿದ್ದರೆ ಎಣ್ಣೆಯೆಲ್ಲ ಮೇಲೆ ತೇಲಿ, ಮೊದಲು ಬರೀ ನೀರು ಬಂದು, ಕೊನೆಗೆ ಗೋಡೆಗೆ ಖಾರ ಎಣ್ಣೆ ಬಡಿಯುತ್ತದೆ. ಪ್ರತಿ ಸಲ ಅಲ್ಲಾಡಿಸಿ.

ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಅಂತೇನಿಲ್ಲ. ಮೂಗು ಉರಿಯುವುದು ನಮಗೇ.

ಎಲ್ಲಿ ಹೊಡೆಯಬೇಕು, ಎಷ್ಟು ದಿನಕ್ಕೊಮ್ಮೆ?

ಕಿಟಕಿಯ ಸ್ಲೈಡಿಂಗ್ ಹಳಿ, ಎಸಿ ಪೈಪ್ ಒಳಬರುವ ತೂತಿನ ಸುತ್ತ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಚೌಕಟ್ಟು, ಮುಖ್ಯ ಬಾಗಿಲಿನ ಕೆಳಗಿನ ಸಂದು, ಅಟ್ಟದ ಅಂಚು. ನಡುಗೋಡೆಗೆ ಹೊಡೆಯುವುದು ವ್ಯರ್ಥ. ನೆಲದ ಟೈಲ್ಸ್ ಮೇಲೆ ಬೀಳದಂತೆ ನೋಡಿ, ಜಾರುತ್ತದೆ. ಪಾಲಿಶ್ ಮಾಡಿದ ಮರ, ಟಿವಿ ಪರದೆಯ ಹತ್ತಿರ ಬೇಡ. ಡಿಸ್ಟೆಂಪರ್ ಗೋಡೆಯಾದರೆ ಕಾಣದ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ.

ಸ್ಪ್ರೇ ಆಗದ ಕಡೆ, ಅಂದರೆ ಚಪ್ಪಲಿ ರ‍್ಯಾಕಿನ ಹಿಂದೆ, ಸಿಂಕಿನ ಕೆಳಗೆ, ಹತ್ತಿಯ ಉಂಡೆಗೆ ನಾಲ್ಕು ತೊಟ್ಟು ಹಾಕಿ ಇಡಿ.

ಇನ್ನು ಎಷ್ಟು ದಿನಕ್ಕೊಮ್ಮೆ ಅನ್ನುವುದು. ಈ ಎಣ್ಣೆಗಳ ಸ್ವಭಾವವೇ ಹಾರಿಹೋಗುವುದು. ಹಾರುವುದರಿಂದಲೇ ನಮಗೆ ವಾಸನೆ ಬರುತ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ, ಮೇಲೆ ಫ್ಯಾನ್ ಗಿರಗಿರ ತಿರುಗುವಾಗ, ಬೆಳಿಗ್ಗೆ ಹೊಡೆದದ್ದು ಮರುದಿನಕ್ಕೆ ಇರುವುದಿಲ್ಲ. ಮಳೆಗಾಲದಲ್ಲಿ ಕಿಟಕಿಯ ಹಳಿಗೆ ಹೊಡೆದದ್ದನ್ನು ಇರಚಲೇ ತೊಳೆದುಬಿಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮಾಡುವ ತಾಳ್ಮೆ ಇದ್ದರೆ ಮಾತ್ರ ಈ ದಾರಿ. ‘ಒಂದು ಸಲ ಹೊಡೆದರೆ ಆರು ತಿಂಗಳು’ ಅಂತ ಯಾರಾದರೂ ಹೇಳಿದರೆ ನಗು ತಡೆದುಕೊಳ್ಳಿ.

ನೀವು ಹೇಳಿದ ಹಾಗೇ ಮಾಡಿದೆ. ವಾರಕ್ಕೆಲ್ಲ ಮತ್ತೆ ಬಲೆ. ಯಾಕೆ?

ನನಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಮೊದಲ ವರ್ಷ ಐದು ಥರದ ಎಣ್ಣೆ ತಂದೆ. ಮನೆ ಒಳ್ಳೆ ವಿಕ್ಸ್ ಡಬ್ಬಿಯ ಹಾಗೆ ಘಮಘಮ. ಬಾಲ್ಕನಿಯಲ್ಲಿ ಮಾತ್ರ ಜೇಡ ಕಡಿಮೆಯಾಗಲಿಲ್ಲ. ಒಂದು ರಾತ್ರಿ ಬಟ್ಟೆ ತೆಗೆಯಲು ಹೋದಾಗ ಕಂಡಿತು. ನಾವು ರಾತ್ರಿಯಿಡೀ ಉರಿಸುತ್ತಿದ್ದ ಬಿಳಿ ಟ್ಯೂಬ್‌ಲೈಟಿನ ಸುತ್ತ ರೆಕ್ಕೆಹುಳುಗಳ ಜಾತ್ರೆ. ಅದರ ಎರಡೂ ತುದಿಗೆ ಬಲೆ. ಜಾತ್ರೆ ಇದ್ದ ಕಡೆ ಮಿಠಾಯಿ ಅಂಗಡಿ ಹಾಕಿದ ಹಾಗೆ!

ಜೇಡ ನಮ್ಮ ಮನೆಗೆ ಬರುವುದು ನಮಗಾಗಿ ಅಲ್ಲ, ಹುಳಕ್ಕಾಗಿ. ಹುಳ ಬರುವುದು ಬೆಳಕಿಗೆ, ಒದ್ದೆಗೆ, ಕಸಕ್ಕೆ. ಊಟ ಬಡಿಸಿಟ್ಟು ವಾಸನೆಯಿಂದ ಓಡಿಸುತ್ತೇನೆ ಅಂದರೆ ಯಾರು ಓಡುತ್ತಾರೆ? ಟ್ಯೂಬ್ ತೆಗೆದು ಹಳದಿ ಛಾಯೆಯ ಎಲ್‌ಇಡಿ ಹಾಕಿದೆವು. ಹುಳುಗಳಿಗೆ ಬಿಳಿ, ನೀಲಿ ಬೆಳಕಿನ ಸೆಳೆತ ಜಾಸ್ತಿ, ಹಳದಿಯದು ಕಡಿಮೆ. ಹತ್ತು ಗಂಟೆಗೆ ಅದನ್ನೂ ಆರಿಸುವ ಅಭ್ಯಾಸ ಮಾಡಿಕೊಂಡೆವು. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದೆವು. ಎಸಿ ಪೈಪಿನ ಸುತ್ತಲಿನ ತೂತಿಗೆ ಬಿಳಿ ಸಿಮೆಂಟು ತುಂಬಿದೆವು. ಆ ವರ್ಷ ಎಣ್ಣೆಯ ಖರ್ಚು ಅರ್ಧವಾಯಿತು, ಬಲೆ ಅದಕ್ಕಿಂತಲೂ ಕಡಿಮೆಯಾಯಿತು.

ಮತ್ತೆ ಪೊರಕೆ. ಉದ್ದ ಕೋಲಿಗೆ ಹಳೇ ಬನಿಯನ್ ಕಟ್ಟಿ ವಾರಕ್ಕೊಮ್ಮೆ ಮೂಲೆ ಸವರಿದರೆ ಬಲೆಯ ಜೊತೆ ಮೊಟ್ಟೆಯ ಉಂಡೆಯೂ ಬರುತ್ತದೆ. ಒಂದು ಉಂಡೆಯಲ್ಲಿ ಹತ್ತಾರರಿಂದ ನೂರಾರು ಮರಿ. ನಾನು ಈಗ ಮೊದಲು ಗುಡಿಸುತ್ತೇನೆ, ಆಮೇಲೆ ಒರೆಸುತ್ತೇನೆ, ಎಣ್ಣೆ ಕೊನೆಗೆ. ಬಲೆಯ ಮೇಲೇ ಎಣ್ಣೆ ಹೊಡೆಯುವವರು ಕೊಳೆ ಬಟ್ಟೆಗೆ ಸೆಂಟ್ ಹಾಕುವವರ ಹಾಗೆ.

ನಮ್ಮ ಮನೆಯಲ್ಲಿರುವುದು ಯಾವ ಜೇಡ? ವಿಷದ್ದಾ?

ಮುಂಬೈ ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಥರ.

ಮೂಲೆಯಲ್ಲಿ ಅಸ್ತವ್ಯಸ್ತ ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುವ, ದಾರದಂಥ ಉದ್ದ ಕಾಲಿನದು. ಮುಟ್ಟಿದರೆ ಗಡಗಡ ನಡುಗಿ ಮಸುಕಾಗಿ ಕಾಣುತ್ತದೆ. ಸೊಳ್ಳೆಯನ್ನೂ ಹಿಡಿಯುತ್ತದೆ, ಪಾಪದ್ದು.

ಗೋಡೆಯ ಮೇಲೆ ಟಣ್ಣನೆ ಹಾರುವ ಪುಟ್ಟದು. ಬಲೆ ಕಟ್ಟಿ ಕಾಯುವ ಜಾತಿಯಲ್ಲ, ಕಣ್ಣಿಟ್ಟು ಬೇಟೆಯಾಡುವುದು. ನಮ್ಮನ್ನೂ ತಿರುಗಿ ತಿರುಗಿ ನೋಡುತ್ತದೆ. ಇದೇ ಕುಟುಂಬದ ಒಂದು ಜೇಡವನ್ನು ನಮ್ಮ ಠಾಣೆ ಕಲ್ಯಾಣ ಭಾಗದಲ್ಲೇ ಕಂಡುಹಿಡಿದು 2021ರಲ್ಲಿ ಇಸಿಯಸ್ ತುಕಾರಾಮಿ ಅಂತ ಹೆಸರಿಟ್ಟರು. 2008ರ ನವೆಂಬರ್ 26ರ ದಾಳಿಯಲ್ಲಿ ಕಸಬ್‌ನನ್ನು ಹಿಡಿಯಲು ಹೋಗಿ ಗುಂಡಿಗೆ ಎದೆಕೊಟ್ಟ ಪೊಲೀಸ್ ತುಕಾರಾಂ ಓಂಬಳೆ ಅವರ ನೆನಪಿಗೆ. ಇದು ಗೊತ್ತಾದ ಮೇಲೆ ನನ್ನ ಮಗ ಹಾರುವ ಜೇಡಕ್ಕೆ ಪೊರಕೆ ಮುಟ್ಟಿಸಲು ಬಿಡುವುದಿಲ್ಲ. ಮನೆಯದು ಅದೇ ಜಾತಿ ಅಲ್ಲ ಅಂತ ಹೇಳಿ ನೋಡಿದೆ, ಕೇಳಲಿಲ್ಲ.

ಮೂರನೆಯದು ಬಾತ್‌ರೂಮಿನಲ್ಲಿ ಅಂಗೈಯಗಲ ಕೂತು ಎದೆ ಒಡೆಸುವ ಹಂಟ್ಸ್‌ಮನ್. ಅದರ ಮಾತು ಕೊನೆಗೆ.

ಈ ಮೂರೂ ಮನುಷ್ಯರ ತಂಟೆಗೆ ಬರುವುದಿಲ್ಲ. ಕೈಯಲ್ಲಿ ಹಿಡಿದು ಒತ್ತಿದರೆ ದೊಡ್ಡದು ಕಚ್ಚಬಹುದು. ನೋವು, ಬಾವು ಬರುತ್ತದೆ, ಇಳಿಯುತ್ತದೆ. ಕಚ್ಚಿದ ಮೇಲೆ ಸ್ನಾಯು ಸೆಳೆತ, ವಾಂತಿ, ಉಸಿರಿನ ತೊಂದರೆ ಕಂಡರೆ ಮಾತ್ರ ಯಾವ ಜೇಡ ಅಂತ ಯೋಚಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಅಂದ ಹಾಗೆ, ಮರಾಠಿಯಲ್ಲಿ ಜೇಡಕ್ಕೆ ಕೋಳಿ ಅನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ಆಜಿ ‘ಘರಾತ್ ಕೋಳಿ ಆಲಾ’ ಅಂತ ಕೂಗಿದಾಗ ನಾನು ಮೂರನೇ ಮಹಡಿಗೆ ಕೋಳಿ ಹೇಗೆ ಬಂತು ಅಂತ ಓಡಿದ್ದೆ. ಮುಂಬೈಯ ಮೂಲ ಬೆಸ್ತರೂ ಕೋಳಿಗಳೇ. ಅವರ ಕೈಯಲ್ಲೂ ಬಲೆ, ಇದರ ಕೈಯಲ್ಲೂ ಬಲೆ. ನಮ್ಮ ಜೇಡ ಅನ್ನುವ ಮಾತಿಗೂ ನೇಕಾರ ಅಂತ ಅರ್ಥವಿದೆ. ನೇಯುತ್ತಿದ್ದ ದಾಸಿಮಯ್ಯನನ್ನು ಜೇಡರ ದಾಸಿಮಯ್ಯ ಅನ್ನುವುದು ಅದಕ್ಕೇ.

ಚರ್ಮದ ಮೇಲೆ ಉರಿಯುವ ಗುಳ್ಳೆ ಎದ್ದಿದೆ. ಜೇಡ ಉಚ್ಚೆ ಹೊಯ್ದಿದೆ ಅನ್ನುತ್ತಾರೆ. ಯಾವ ಎಣ್ಣೆ ಹಚ್ಚಲಿ?

ಯಾವುದೂ ಬೇಡ. ಅದು ಜೇಡದ ಕೆಲಸ ಅಲ್ಲದಿರುವುದೇ ಜಾಸ್ತಿ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು ಕಪ್ಪು ಪಟ್ಟೆಯ ಸಪೂರ ಹುಳ ಒಂದಿದೆ, ರೋವ್ ಬೀಟಲ್ ಅಂತ. ಕಚ್ಚುವುದಿಲ್ಲ. ಮೈಮೇಲೆ ಕೂತದ್ದನ್ನು ನಿದ್ದೆಗಣ್ಣಲ್ಲಿ ಉಜ್ಜಿದರೆ ಅದರ ಮೈಯೊಳಗಿನ ವಿಷದ ರಸ ತಾಗಿ, ಒಂದೆರಡು ದಿನಕ್ಕೆ ಚಾಟಿಯಲ್ಲಿ ಹೊಡೆದ ಹಾಗೆ ಗೆರೆಯುದ್ದಕ್ಕೂ ಗುಳ್ಳೆ ಏಳುತ್ತದೆ. ತಕ್ಷಣ ಸೋಪು ನೀರಿನಲ್ಲಿ ತೊಳೆಯಬೇಕು. ಕೂತಿದ್ದು ಕಂಡರೆ ಉಜ್ಜಬೇಡಿ, ಊದಿ ಹಾರಿಸಿ.

ಇನ್ನೊಂದು ಸಾಧ್ಯತೆ ಸರ್ಪಸುತ್ತು. ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಗುಳ್ಳೆ, ಅದಕ್ಕೂ ಮೊದಲೇ ನೋವು. ಅದು ವೈರಸ್ಸಿನಿಂದ ಬರುವುದು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಜೇಡಕ್ಕೆ ಬೈಯುತ್ತ, ಪುದೀನಾ ಎಣ್ಣೆ ಸವರುತ್ತ ಮೂರು ದಿನ ಕಳೆದವರನ್ನು ನೋಡಿದ್ದೇನೆ. ಆಮೇಲೆ ತಿಂಗಳುಗಟ್ಟಲೆ ನೋವು.

ಮನೆಯಲ್ಲಿ ಕೂಸಿದೆ, ಬೆಕ್ಕಿದೆ. ನೈಸರ್ಗಿಕ ಅಲ್ವಾ, ತೊಂದರೆ ಇಲ್ಲ ತಾನೆ?

ದತ್ತೂರಿಯೂ ನೈಸರ್ಗಿಕವೇ.

ಕೂಸು, ಸಣ್ಣ ಮಕ್ಕಳು ಮಲಗುವ ಕೋಣೆಯಲ್ಲಿ ಪೆಪ್ಪರ್‌ಮಿಂಟ್, ನೀಲಗಿರಿ, ಕರ್ಪೂರದ ಎಣ್ಣೆ ಬೇಡ. ಮೆಂಥಾಲಿನ ಖಾರ ವಾಸನೆ ಕೂಸಿನ ಮೂಗಿನ ಹತ್ತಿರ ಹೋದರೆ ಉಸಿರು ಕಟ್ಟುವ ಅಪಾಯವಿದೆ. ನೀಲಗಿರಿ ಎಣ್ಣೆ, ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಸ್ವಲ್ಪವೇ ಆದರೂ ಫಿಟ್ಸ್ ಬರಿಸಬಲ್ಲವು. ಬಾಟಲಿ ದೇವರ ಗೂಡಿನಲ್ಲಿ ಕೈಗೆಟಕುವ ಹಾಗೆ ಇಡಬೇಡಿ. ಹತ್ತಿಯ ಉಂಡೆಯೂ ಅಷ್ಟೇ. ಅಂಬೆಗಾಲಿಡುವ ಮಗುವಿಗೆ ನೆಲದ ಮೇಲೆ ಕಂಡದ್ದೆಲ್ಲ ತಿಂಡಿ. ಅಸ್ತಮಾ ಇರುವ ಹಿರಿಯರಿದ್ದರೂ ಮೊದಲು ಅವರನ್ನು ಕೇಳಿ.

ಬೆಕ್ಕಿನ ವಿಷಯ ಇನ್ನೂ ನಾಜೂಕು. ಇಂಥ ಎಣ್ಣೆಯ ಅಂಶಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತುಂಬ ಕಡಿಮೆ. ಮೈಮೇಲೆ ಬಿದ್ದದ್ದನ್ನು ಅದು ನೆಕ್ಕಿ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಟೀ ಟ್ರೀ ಎಣ್ಣೆ ಬೆಕ್ಕು ನಾಯಿ ಎರಡಕ್ಕೂ ವಿಷ. ಪಂಜರದ ಹಕ್ಕಿ, ಮೀನಿನ ತೊಟ್ಟಿ ಇದ್ದ ಕೋಣೆಯಲ್ಲೂ ಬೇಡ. ಅಂಥ ಮನೆಗೆ ನನ್ನ ಸಲಹೆ ಪೊರಕೆ, ಜಾಲರಿ, ಅಷ್ಟೇ.

ಇನ್ನೊಂದು. ಇವೆಲ್ಲ ಬೆಂಕಿ ಹತ್ತುವ ಎಣ್ಣೆಗಳು. ಗ್ಯಾಸ್ ಒಲೆ ಉರಿಯುವಾಗ, ದೇವರ ದೀಪದ ಹತ್ತಿರ ಸ್ಪ್ರೇ ಮಾಡಬೇಡಿ.

ಕರ್ಪೂರ, ನುಸಿಗುಳಿಗೆ ಇಟ್ಟರೆ?

ಆರತಿಗೆ ಹಚ್ಚುವುದು ಬೇರೆ, ಮೂಲೆ ಮೂಲೆಗೆ ಇಡುವುದು ಬೇರೆ. ಮಕ್ಕಳಿಗೆ ಅದು ಕಲ್ಲುಸಕ್ಕರೆಯ ಹಾಗೇ ಕಾಣುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನ್ ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಜೇಡದ ಸಲುವಾಗಿ ಅಷ್ಟೆಲ್ಲ ಯಾಕೆ?

ಸೊಸೈಟಿಯವರು ಪೆಸ್ಟ್ ಕಂಟ್ರೋಲ್ ಮಾಡಿಸುತ್ತಾರಲ್ಲ, ಸಾಲದಾ?

ಅದು ಜಿರಲೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೇಡ ಕಾಲ ತುದಿಯ ಮೇಲೆ ಮೈ ಎತ್ತಿ ನಡೆಯುವುದರಿಂದ ನೆಲಕ್ಕೆ ಹೊಡೆದ ಔಷಧ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಆದರೂ ಜಿರಲೆ ಕಡಿಮೆಯಾದರೆ ಜೇಡಕ್ಕೆ ಊಟ ಕಡಿಮೆ, ಅಷ್ಟರ ಮಟ್ಟಿಗೆ ಲಾಭ.

ಅತ್ತೆ ಜೇಡ ಕೊಲ್ಲಬಾರದು ಅನ್ನುತ್ತಾರೆ.

ಶ್ರೀಕಾಳಹಸ್ತಿಯ ಹೆಸರಿನಲ್ಲಿ ಮೊದಲ ‘ಶ್ರೀ’ಯೇ ಜೇಡ. ಕಾಳ ಅಂದರೆ ಹಾವು, ಹಸ್ತಿ ಆನೆ. ಲಿಂಗದ ಮೇಲೆ ಬಲೆ ನೇಯ್ದು ಪೂಜೆ ಮಾಡಿದ ಜೇಡದ ಕಥೆ ಅತ್ತೆಗೆ ಬಾಯಿಪಾಠ ಇರುತ್ತದೆ. ವಾದ ಮಾಡಬೇಡಿ. ಈ ಎಣ್ಣೆಯೂ ಕೊಲ್ಲುವುದಕ್ಕಲ್ಲ, ಸರಿಸುವುದಕ್ಕೆ ಅಂತ ಹೇಳಿ, ಒಪ್ಪುತ್ತಾರೆ. ನಮ್ಮತ್ತೆ ಒಪ್ಪಿದರು, ಬಲೆ ಮಾತ್ರ ಶುಕ್ರವಾರ ತೆಗೆಯಬೇಡ ಅಂದರು.

ರಾತ್ರಿ ಹನ್ನೊಂದು ಗಂಟೆ. ಬಾತ್‌ರೂಮಿನಲ್ಲಿ ಅಂಗೈಯಷ್ಟು ದೊಡ್ಡದು ಕೂತಿದೆ. ಪುದೀನಾ ಸ್ಪ್ರೇ ಹೊಡೆಯಲಾ?

ದಯವಿಟ್ಟು ಬೇಡ. ಹಂಟ್ಸ್‌ಮನ್ ಓಡುವ ವೇಗ ನಿಮಗೆ ಗೊತ್ತಿಲ್ಲ. ಹೊಡೆದ ಕೂಡಲೇ ಅದು ಎಲ್ಲಿಗಾದರೂ ಓಡುತ್ತದೆ, ನಿಮ್ಮ ಕಡೆಗೂ ಓಡಬಹುದು. ಬಲೆ ಕಟ್ಟದ, ಜಿರಲೆ ತಿನ್ನುವ ಜೇಡ ಅದು. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥದ್ದು ಹಿಡಿದುಕೊಂಡಿದ್ದರೆ ಅದು ಮೊಟ್ಟೆಚೀಲ, ಹೆಣ್ಣು. ಪೊರಕೆಯಿಂದ ಬಡಿದು ಚೀಲ ಒಡೆದರೆ ಮರಿಗಳು ಬಾತ್‌ರೂಮಿನ ತುಂಬ ಚದುರುವ ಸಾಧ್ಯತೆಯೂ ಇದೆ.

ನಾನು ಮಾಡುವುದು ಇಷ್ಟು. ಇಡ್ಲಿ ಹಿಟ್ಟಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿ ನಿಧಾನವಾಗಿ ಅದರ ಮೇಲೆ ಮುಚ್ಚುತ್ತೇನೆ. ಅಂಚಿಗೆ ಕಾಲು ಸಿಕ್ಕಿಕೊಳ್ಳದ ಹಾಗೆ ನೋಡುತ್ತೇನೆ. ಹಳೆಯ ಕ್ಯಾಲೆಂಡರಿನ ರಟ್ಟನ್ನು ಗೋಡೆಗೂ ಡಬ್ಬಿಗೂ ನಡುವೆ ತೂರಿಸುತ್ತೇನೆ. ಹಾಗೇ ಹಿಡಿದು ಮೂರು ಮಹಡಿ ಇಳಿದು ಕಾಂಪೌಂಡಿನ ಬಾದಾಮಿ ಮರದ ಬುಡದಲ್ಲಿ ಬಿಡುತ್ತೇನೆ. ವಾಚ್‌ಮನ್ ಪ್ರತಿ ಸಲ ‘ಕಾಯ್ ಝಾಲಂ ತಾಈ’, ಅಂದರೆ ಏನಾಯ್ತು ಅಕ್ಕ, ಅಂತ ಕೇಳುತ್ತಾನೆ. ಡಬ್ಬಿ ತೋರಿಸಿದ ಕೂಡಲೇ ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ. ವಾಪಸ್ ಬಂದ ಮೇಲೆ ಎಕ್ಸಾಸ್ಟ್ ಫ್ಯಾನಿನ ಜಾಲರಿ ಸರಿಯಾಗಿ ಕೂತಿದೆಯಾ ಅಂತ ನೋಡಿ, ಅದರ ಚೌಕಟ್ಟಿಗೆ ಎರಡು ಸಲ ಪುದೀನಾ ಸ್ಪ್ರೇ ಹೊಡೆದು ಮಲಗುತ್ತೇನೆ.